ಆರೈಕೆ ಕಲಿಯುವವರ ಮನಸ್ವಾಸ್ಥ್ಯ: ವೈದ್ಯಕೀಯ ಮತ್ತು ನರ್ಸಿಂಗ್ ಶಿಕ್ಷಣದ ಹೊಣೆ

ಕಲಿಕೆಯ ಸ್ವರೂಪ

ವೈದ್ಯಕೀಯ ಮತ್ತು ನರ್ಸಿಂಗ್ ಶಿಕ್ಷಣದಲ್ಲಿ ಕಲಿಯುವವರಿಗೆ ಪುಸ್ತಕದಷ್ಟೇ ಹತ್ತಿರದಲ್ಲಿ ನೋವುಣ್ಣುವ ಮನುಷ್ಯರಿರುತ್ತಾರೆ. ಉಳಿದ ಪದವಿಗಳಿಂದ ಇವೆರಡನ್ನು ಬೇರೆ ಮಾಡುವ ಮೊದಲ ಸಂಗತಿ ಇದು. ಎಂಜಿನಿಯರಿಂಗ್ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಮಾಡಿದ ತಪ್ಪನ್ನು ಮರುದಿನ ತಿದ್ದಿಕೊಳ್ಳಬಹುದು. ವಾರ್ಡಿನಲ್ಲಿ ಮೊದಲ ಸಲ ರಕ್ತನಾಳಕ್ಕೆ ಸೂಜಿ ಹಾಕುವವರ ಕೈ ನಡುಗಿದರೆ ನೋವು ಆ ಕ್ಷಣವೇ ಇನ್ನೊಬ್ಬರಿಗೆ ತಟ್ಟುತ್ತದೆ. ಆ ನೋವನ್ನು ಕಣ್ಣಾರೆ ಕಂಡ ಅಳುಕು ವಿದ್ಯಾರ್ಥಿಯಲ್ಲಿ ಬಹಳ ದಿನ ಉಳಿಯುತ್ತದೆ.

ಭಾರತದಲ್ಲಿ ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಅದರ ಮೇಲೆ ಎಂ.ಡಿ. ಅಥವಾ ಎಂ.ಎಸ್. ಮಾಡುವವರಿಗೆ ಇನ್ನೂ ಮೂರು ವರ್ಷ. ನರ್ಸಿಂಗ್‌ನಲ್ಲಿ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಎಂಬ ಕವಲುಗಳಿವೆ. ಎರಡೂ ಕಡೆ ಬಹುಪಾಲು ವಿದ್ಯಾರ್ಥಿಗಳು ಪಿಯುಸಿ ಮುಗಿಸಿದ ಕೂಡಲೇ, ಹದಿನೇಳು ಹದಿನೆಂಟರ ಪ್ರಾಯದಲ್ಲಿ ಸೇರುತ್ತಾರೆ. ಮನೆ ಬಿಟ್ಟು ಹಾಸ್ಟೆಲಿಗೆ ಬರುವುದು, ಹೊಸ ಭಾಷೆಯಲ್ಲಿ ಓದುವುದು, ಪರರ ಮೈ ಮುಟ್ಟುವುದು, ಸಾವನ್ನು ಹತ್ತಿರದಿಂದ ನೋಡುವುದು ಇವೆಲ್ಲ ಒಂದೆರಡು ವರ್ಷಗಳೊಳಗೆ ಒಟ್ಟಿಗೇ ಬಂದೊದಗುತ್ತವೆ. ಅನೇಕ ಮಾನಸಿಕ ಕಾಯಿಲೆಗಳು ಮೊದಲು ತಲೆದೋರುವ ವಯಸ್ಸೂ ಇದೇ.

ಈ ವಿದ್ಯಾರ್ಥಿಗಳ ಮನಸ್ವಾಸ್ಥ್ಯವನ್ನು ಕಾಲೇಜುಗಳು ಸಾಮಾನ್ಯವಾಗಿ ಪಠ್ಯದ ಹೊರಗಿನ ವಿಚಾರ ಎಂದು ನೋಡುತ್ತವೆ. ವರ್ಷಕ್ಕೊಂದು ಯೋಗ ಶಿಬಿರ, ಒಂದು ಅತಿಥಿ ಉಪನ್ಯಾಸ, ಗೋಡೆಯ ಮೇಲೊಂದು ಸಹಾಯವಾಣಿ ಸಂಖ್ಯೆ, ಅಲ್ಲಿಗೆ ಕರ್ತವ್ಯ ಮುಗಿಯುತ್ತದೆ. ಆದರೆ ಬಳಲಿಕೆಯ ಬಹುಪಾಲು ಹುಟ್ಟುವುದು ಶಿಕ್ಷಣದ ಕಟ್ಟೋಣದಲ್ಲಿಯೇ: ಡ್ಯೂಟಿಯ ಗಂಟೆಗಳಲ್ಲಿ, ಪರೀಕ್ಷೆಯ ಕ್ರಮದಲ್ಲಿ, ಗದರಿಸಿ ಕಲಿಸುವ ರೂಢಿಯಲ್ಲಿ, ತಪ್ಪನ್ನು ಒಪ್ಪಿಕೊಳ್ಳಲು ಬಿಡದ ವಾತಾವರಣದಲ್ಲಿ. ಆದ್ದರಿಂದ ಮದ್ದನ್ನೂ ಅಲ್ಲಿಯೇ ಹುಡುಕಬೇಕಾಗುತ್ತದೆ. ಮನಸ್ವಾಸ್ಥ್ಯ ಪಠ್ಯಕ್ರಮದ ಒಂದು ಅಂಗವೆಂದು ಒಪ್ಪಿಕೊಂಡ ದಿನವೇ ಸುಧಾರಣೆ ಆರಂಭವಾಗುತ್ತದೆ.

ಅಂಕಿಅಂಶಗಳು ತಿಳಿಸುವುದು

ವೈದ್ಯ ವಿದ್ಯಾರ್ಥಿಗಳ ಖಿನ್ನತೆಯ ಬಗ್ಗೆ ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ದೊಡ್ಡ ವಿಶ್ಲೇಷಣೆಯೊಂದು 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ಅದರಲ್ಲಿತ್ತು. ಅವರಲ್ಲಿ ಶೇ. 27.2ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದವು. ಶೇ. 11.1ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. ಖಿನ್ನತೆಯ ಲಕ್ಷಣಗಳಿದ್ದವರಲ್ಲಿ ಚಿಕಿತ್ಸೆ ಪಡೆದವರ ಪ್ರಮಾಣ ಶೇ. 15.7 ಮಾತ್ರ. ಆರು ಮಂದಿಯಲ್ಲಿ ಐವರು ಒಬ್ಬಂಟಿಯಾಗಿಯೇ ಅದನ್ನು ಎದುರಿಸುತ್ತಿದ್ದರು.

ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ವಿಷಯಕ್ಕೆಂದೇ ಒಂದು ಕಾರ್ಯಪಡೆ ರಚಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯಕೀಯ ಪ್ರಾಧ್ಯಾಪಕ ಡಾ. ಸುರೇಶ್ ಬಾಡ ಮಠ್ ಅದರ ಅಧ್ಯಕ್ಷರಾಗಿದ್ದರು. 2024ರಲ್ಲಿ ಹೊರಬಂದ ಅದರ ವರದಿಗಾಗಿ ನಡೆದ ಆನ್‌ಲೈನ್ ಸಮೀಕ್ಷೆಯಲ್ಲಿ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಸ್ನಾತಕೋತ್ತರ ವಿದ್ಯಾರ್ಥಿಗಳು, 7,035 ಅಧ್ಯಾಪಕರು ಉತ್ತರಿಸಿದರು. ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 15.3ರಷ್ಟು ಮಂದಿ ತಮಗೆ ಮಾನಸಿಕ ಸಮಸ್ಯೆ ಇರುವುದು ಪತ್ತೆಯಾಗಿದೆ ಎಂದು ತಿಳಿಸಿದರು. ಆತ್ಮಹತ್ಯೆಯ ಯೋಚನೆ ಬಂದದ್ದುಂಟು ಎಂದವರು ಎಂಬಿಬಿಎಸ್‌ನಲ್ಲಿ ಶೇ. 16, ಸ್ನಾತಕೋತ್ತರ ಹಂತದಲ್ಲಿ ಶೇ. 31. ಸ್ವಇಚ್ಛೆಯಿಂದ ಉತ್ತರಿಸುವ ಇಂಥ ಸಮೀಕ್ಷೆಯಲ್ಲಿ ಕಷ್ಟದಲ್ಲಿರುವವರೇ ಹೆಚ್ಚಾಗಿ ಭಾಗವಹಿಸಿರಬಹುದು. ಹಾಗಾಗಿ ಈ ಅಂಕಿಗಳನ್ನು ಎಲ್ಲ ವಿದ್ಯಾರ್ಥಿಗಳಿಗೂ ಹಾಗೆಯೇ ಅನ್ವಯಿಸಲಾಗದು. ಅಷ್ಟು ವಿನಾಯಿತಿ ಕೊಟ್ಟು ನೋಡಿದರೂ ಸಾವಿರಾರು ಯುವಜನರು ತಮ್ಮ ಬಾಯಿಂದಲೇ ಹೇಳಿದ ಮಾತಿನ ಭಾರ ಕಡಿಮೆಯಾಗುವುದಿಲ್ಲ.

ನರ್ಸಿಂಗ್ ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ ಸಾರ್ವಜನಿಕ ಚರ್ಚೆ ಇದಕ್ಕಿಂತ ತೆಳು. ವೈದ್ಯ ವಿದ್ಯಾರ್ಥಿಯ ಸಂಕಟ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ನರ್ಸಿಂಗ್ ವಿದ್ಯಾರ್ಥಿನಿಯ ಸಂಕಟ ಹಾಸ್ಟೆಲಿನ ಗೋಡೆ ದಾಟುವುದು ಅಪರೂಪ.

ಒತ್ತಡದ ಮೂಲಗಳು

ಮೊದಲ ಮೂಲ ಪ್ರವೇಶದಲ್ಲಿಯೇ ಇದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಮೇಲೆ. ಊರಿಗೇ ಮೊದಲಿಗರಾಗಿ ಬೆಳೆದು, ಒಂದೆರಡು ವರ್ಷ ಕೋಚಿಂಗ್‌ನಲ್ಲಿ ಜಗತ್ತನ್ನೇ ಮರೆತು ಓದಿ ಸೀಟು ಪಡೆದವರು ಕಾಲೇಜಿಗೆ ಬಂದಾಗ ಸುತ್ತಲಿರುವವರೆಲ್ಲ ಮೊದಲಿಗರೇ. ಪ್ರಥಮ ಇಂಟರ್ನಲ್ಸ್‌ನಲ್ಲಿ ಫೇಲಾದ ವಿದ್ಯಾರ್ಥಿಗೆ ಅದು ಬಹುಶಃ ಬದುಕಿನ ಮೊದಲ ಸೋಲು. ಸೋಲನ್ನು ಎದುರಿಸುವ ಅಭ್ಯಾಸವೇ ಇಲ್ಲದ ವಯಸ್ಸಿನಲ್ಲಿ ಅದು ತನ್ನ ಯೋಗ್ಯತೆಯ ಬಗ್ಗೆಯೇ ಬಂದ ತೀರ್ಪಿನಂತೆ ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಂಗರಚನೆಯ ಪಾಠದೊಡನೆ ಇಂಗ್ಲಿಷಿನ ಭಾರವೂ ಸೇರುತ್ತದೆ. ವಿಷಯ ಗೊತ್ತಿದ್ದೂ ವೈವಾದಲ್ಲಿ ಬಾಯಿ ಕಟ್ಟುತ್ತದೆ. ಖಾಸಗಿ ಸೀಟಿಗಾಗಿ ಹೊಲ ಅಡವಿಟ್ಟ ಮನೆಯವರ ನಿರೀಕ್ಷೆ ಪ್ರತಿ ಪರೀಕ್ಷೆಯ ಹಿಂದೆಯೂ ನಿಂತಿರುತ್ತದೆ.

ಎರಡನೆಯದು ದೇಹ ಮತ್ತು ಸಾವಿನೊಡನೆ ಮುಖಾಮುಖಿ. ವೈದ್ಯ ವಿದ್ಯಾರ್ಥಿಗೆ ಅದು ಶವವಿಚ್ಛೇದನ ಕೊಠಡಿಯಿಂದ ಶುರುವಾಗುತ್ತದೆ. ಫಾರ್ಮಲಿನ್ ವಾಸನೆ ಕೈಗೂ ಏಪ್ರನ್ನಿಗೂ ಅಂಟಿ ಊಟದ ತಟ್ಟೆಯವರೆಗೆ ಬರುವ ಆ ಮೊದಲ ವಾರಗಳಲ್ಲಿ ಕೆಲವರಿಗೆ ನಿದ್ದೆ ಬಾರದು, ಕೆಲವರು ಅಗತ್ಯಕ್ಕಿಂತ ಜೋರಾಗಿ ನಗುತ್ತಾರೆ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಇದನ್ನು ಗುರುತಿಸಿತು. ನಡವಳಿಕೆ, ನೀತಿ, ಸಂವಹನಗಳನ್ನು ಕಲಿಸಲು ಅದು ತಂದ 'ಎಟ್ಕಾಮ್' ಪಾಠಗಳಲ್ಲಿ ಶವವನ್ನು ಮೊದಲ ಗುರುವೆಂದು ಕಾಣುವ ಒಂದು ಘಟಕವೇ ಇದೆ. ದೇಹದಾನ ಮಾಡಿದವರಿಗೆ ಗೌರವ ಸಲ್ಲಿಸಿ ತಮ್ಮ ಅಳುಕನ್ನು ಮಾತಿಗಿಳಿಸುವ ಅವಕಾಶ ವಿದ್ಯಾರ್ಥಿಗಳಿಗೆ ಅಲ್ಲಿ ಸಿಗುತ್ತದೆ.

ನರ್ಸಿಂಗ್ ವಿದ್ಯಾರ್ಥಿನಿ ಸಾವನ್ನು ಕಾಣುವುದು ವಾರ್ಡಿನಲ್ಲಿ, ಅದೂ ಕೆಲಸದ ನಡುವೆ. ರೋಗಿ ತೀರಿಕೊಂಡ ಮೇಲೆ ದೇಹದ ಆರೈಕೆ ನರ್ಸಿಂಗ್‌ನ ಮೂಲಪಾಠಗಳಲ್ಲೊಂದು. ಹಿಂದಿನ ಸಂಜೆ ತನ್ನ ಕೈಯಿಂದಲೇ ಗಂಜಿ ಕುಡಿದ ಅಜ್ಜಿಯ ಕಣ್ಣು ಮುಚ್ಚಬೇಕು, ನಳಿಕೆಗಳನ್ನು ತೆಗೆಯಬೇಕು, ಮೈ ಒರೆಸಿ, ದವಡೆ ಕಟ್ಟಿ, ಕೈಕಾಲು ಜೋಡಿಸಿ, ಹೆಸರಿನ ಚೀಟಿ ಕಟ್ಟಿ, ಬಿಳಿಬಟ್ಟೆ ಹೊದಿಸಬೇಕು. ಹೊರಗೆ ಕಡೆಯವರ ಅಳು ಕೇಳುತ್ತಿರುತ್ತದೆ. ಇಷ್ಟು ಮುಗಿಸಿ ಕೈ ತೊಳೆದು ಪಕ್ಕದ ಹಾಸಿಗೆಯವರ ಜ್ವರ, ನಾಡಿ, ಬಿಪಿ ನೋಡಿ ಚಾರ್ಟಿನಲ್ಲಿ ಬರೆಯಬೇಕು. ಕ್ರಮ ತಪ್ಪದೆ ಮಾಡಿದರೆ ಲಾಗ್‌ಬುಕ್ಕಿನಲ್ಲಿ ಸಹಿ ಬೀಳುತ್ತದೆ. ಆದರೆ ಆ ಹೊತ್ತಿನಲ್ಲಿ ಮನಸ್ಸಿಗೆ ಏನಾಯಿತೆಂದು ಕೇಳುವವರು ಇರುವುದು ಕಡಿಮೆ. ಹತ್ತೊಂಬತ್ತರ ಹುಡುಗಿ ಅಂದು ಕಲಿತ ಮುಖ್ಯ ಪಾಠ 'ಅಳಬಾರದು' ಎಂಬುದಾದರೆ, ಮುಂದಿನ ಮೂವತ್ತು ವರ್ಷಗಳ ವೃತ್ತಿಗೆ ಅದು ದುಬಾರಿಯ ಪಾಠ.

ಮೂರನೆಯದು ನಿದ್ದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. 24, 36 ಗಂಟೆಗಳ ಡ್ಯೂಟಿ ಮಾಡುವ ಇಂಟರ್ನ್ ಮತ್ತು ಪಿಜಿ ವೈದ್ಯರಿಗೆ 17 ಗಂಟೆಯ ಗಡಿ ತೀರಾ ಚಿಕ್ಕದು. 2004ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ತೀವ್ರನಿಗಾ ಘಟಕದಲ್ಲಿ ನಡೆದ ಅಧ್ಯಯನದಲ್ಲಿ, ದೀರ್ಘ ಪಾಳಿಯ ಹಳೆಯ ವೇಳಾಪಟ್ಟಿಯಲ್ಲಿ ದುಡಿದ ಇಂಟರ್ನ್‌ಗಳು ಚಿಕ್ಕ ಪಾಳಿಯವರಿಗಿಂತ ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರು. ನಿದ್ದೆಗೆಟ್ಟ ಮನಸ್ಸು ತಪ್ಪು ಮಾಡುತ್ತದೆ, ಖಿನ್ನತೆಗೂ ಬೇಗ ಜಾರುತ್ತದೆ.

ನಾಲ್ಕನೆಯದು ಮೇಲು-ಕೀಳಿನ ಏಣಿ. ಯೂನಿಟ್ ಮುಖ್ಯಸ್ಥರು ಸಹಾಯಕರನ್ನು, ಅವರು ಸೀನಿಯರ್ ಪಿಜಿಯನ್ನು, ಸೀನಿಯರ್ ಜೂನಿಯರನ್ನು, ಜೂನಿಯರ್ ಇಂಟರ್ನನ್ನು ಗದರುವುದು ಅನೇಕ ಕಡೆ ರೌಂಡ್ಸಿನ ಮಾಮೂಲಿ. ನರ್ಸಿಂಗ್‌ನಲ್ಲಿ ಇದೇ ಏಣಿ ಸೂಪರಿಂಟೆಂಡೆಂಟ್, ವಾರ್ಡ್ ಸಿಸ್ಟರ್, ಸ್ಟಾಫ್ ನರ್ಸ್ ಮೂಲಕ ವಿದ್ಯಾರ್ಥಿನಿಯವರೆಗೆ ಇಳಿಯುತ್ತದೆ. ರೋಗಿಯ ಎದುರಿಗೇ ಬೈಸಿಕೊಂಡ ವಿದ್ಯಾರ್ಥಿ ಆ ರೋಗಿಯ ಹಾಸಿಗೆಯ ಬಳಿ ಮತ್ತೆ ಹೋಗಲು ಹಿಂಜರಿಯುತ್ತಾನೆ, ಅನುಮಾನ ಬಂದಾಗ ಕೇಳುವುದನ್ನು ಬಿಡುತ್ತಾನೆ. ಜಾತಿ, ಮೀಸಲಾತಿ, ಭಾಷೆ, ಪ್ರದೇಶದ ಹೆಸರಿನಲ್ಲಿ ಚುಚ್ಚುವ ಮಾತು ಇದರೊಡನೆ ಸೇರಿದಾಗ ಗಾಯ ಇನ್ನೂ ಆಳ. ರ್‍ಯಾಗಿಂಗ್ ತಡೆಗೆ ವೈದ್ಯಕೀಯ ಆಯೋಗ 2021ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿದೆ. ಆದರೆ ಅಧ್ಯಾಪಕರಿಂದಲೇ ಆಗುವ ಅವಮಾನವನ್ನು ರ್‍ಯಾಗಿಂಗ್ ಎಂದು ಕರೆಯುವವರಿಲ್ಲ.

ನರ್ಸಿಂಗ್: ವಿದ್ಯಾರ್ಥಿಯೂ ಹೌದು, ಕೆಲಸದಾಳೂ ಹೌದು

ನರ್ಸಿಂಗ್ ವಿದ್ಯಾರ್ಥಿನಿಯ ಸ್ಥಿತಿಗೆ ತನ್ನದೇ ಆದ ತೊಡಕಿದೆ. ಕಲಿಯಲು ಬಂದವಳೆಂದು ಹೆಸರಿದ್ದರೂ ಸಿಬ್ಬಂದಿ ಕಡಿಮೆ ಇರುವ ವಾರ್ಡಿನಲ್ಲಿ ಅವಳು ಲೆಕ್ಕಕ್ಕೆ ಸಿಗುವ ಇನ್ನೊಂದು ಜೋಡಿ ಕೈ. ಬೆಳಿಗ್ಗೆ ಹಾಸಿಗೆ ಸರಿಮಾಡುವುದು, ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ಔಷಧಿ ತರುವುದರಲ್ಲೇ ಹೊತ್ತು ಹೋಗಿ ಮಧ್ಯಾಹ್ನ ತರಗತಿಯಲ್ಲಿ ಕುಳಿತಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಕಲಿಕೆಯ ಗುರಿ ಮತ್ತು ಆಸ್ಪತ್ರೆಯ ಅಗತ್ಯ ಎದುರುಬದುರಾದಾಗ ಸೋಲುವುದು ಸಾಮಾನ್ಯವಾಗಿ ಕಲಿಕೆಯೇ.

ಈ ಕುರಿತ ಅತ್ಯಂತ ಆಳವಾದ ಅಧ್ಯಯನ ಹಳೆಯದು. ಇಸಾಬೆಲ್ ಮೆನ್ಸೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರ ನರ್ಸಿಂಗ್ ವ್ಯವಸ್ಥೆಯನ್ನು ಪರಿಶೀಲಿಸಿ 1960ರ ಹೊತ್ತಿಗೆ ತಮ್ಮ ಪ್ರಬಂಧ ಪ್ರಕಟಿಸಿದರು. ಅಲ್ಲಿ ಸುಮಾರು ಮೂರರಲ್ಲೊಂದು ಪಾಲು ವಿದ್ಯಾರ್ಥಿನಿಯರು ತರಬೇತಿ ಮುಗಿಸದೆ ಬಿಟ್ಟು ಹೋಗುತ್ತಿದ್ದರು. ಕಾರಣ ಹುಡುಕಿದಾಗ ಮೆನ್ಸೀಸ್ ಕಂಡದ್ದು ಆತಂಕವನ್ನು ದೂರವಿಡಲು ಸಂಸ್ಥೆಯೇ ಕಟ್ಟಿಕೊಂಡ ಕೋಟೆ. ಒಬ್ಬ ರೋಗಿಯ ಪೂರ್ತಿ ಆರೈಕೆ ಒಬ್ಬಳಿಗೆ ಸಿಗದಂತೆ ಕೆಲಸವನ್ನು ತುಂಡುಮಾಡಿ ಹಂಚಲಾಗಿತ್ತು. ರೋಗಿಯನ್ನು ಹೆಸರಿನ ಬದಲು ಹಾಸಿಗೆ ಸಂಖ್ಯೆಯಿಂದಲೋ ರೋಗದಿಂದಲೋ ಕರೆಯುತ್ತಿದ್ದರು. ಚಿಕ್ಕ ಕೆಲಸಕ್ಕೂ ಮತ್ತೆ ಮತ್ತೆ ತಾಳೆ ನೋಡುವ ನಿಯಮವಿತ್ತು, ವಾರ್ಡಿನಿಂದ ವಾರ್ಡಿಗೆ ಹಠಾತ್ ವರ್ಗಾವಣೆಯಿತ್ತು. ಹತ್ತಿರವಾದರೆ ನೋವಾಗುತ್ತದೆ ಎಂದು ಹತ್ತಿರವಾಗಲು ಬಿಡದ ಈ ಏರ್ಪಾಡು ಆತಂಕವನ್ನು ಕಡಿಮೆ ಮಾಡಲಿಲ್ಲ. ಬದಲಿಗೆ ರೋಗಿಯ ಸಾಂಗತ್ಯದಿಂದ ಬರುವ ತೃಪ್ತಿಯನ್ನು ಕಿತ್ತುಕೊಂಡಿತು. ಆರು ದಶಕ ದಾಟಿದರೂ 'ಆರನೇ ಬೆಡ್ಡಿನ ಶುಗರ್ ಕೇಸ್' ಎಂಬ ಮಾತು ನಮ್ಮ ವಾರ್ಡುಗಳಲ್ಲಿ ಹ್ಯಾಂಡ್‌ಓವರ್ ಹೊತ್ತಿನಲ್ಲಿ ಕೇಳಿಬರುತ್ತದೆ.

ತರಬೇತಿ ಮುಗಿದ ನಂತರದ ಮೊದಲ ವರ್ಷ ಇನ್ನೊಂದು ಕಠಿಣ ಘಟ್ಟ. ಕಾಲೇಜು ಕಲಿಸಿದ ಆದರ್ಶ ಆರೈಕೆಗೂ ವಾರ್ಡಿನ ವಾಸ್ತವಕ್ಕೂ ನಡುವೆ ಹೊಸ ನರ್ಸ್ ತತ್ತರಿಸುವುದನ್ನು ಅಮೆರಿಕದ ಮಾರ್ಲಿನ್ ಕ್ರೇಮರ್ 1974ರಲ್ಲಿ 'ವಾಸ್ತವದ ಆಘಾತ' ಎಂದು ಹೆಸರಿಸಿ ವಿವರಿಸಿದರು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೊಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಿಬ್ಬರು ನೋಡಿಕೊಳ್ಳುವ ಆಸ್ಪತ್ರೆಗಳಲ್ಲಿ ಈ ಮಾನದಂಡ ಕಾಗದದಲ್ಲಿ ಉಳಿಯುತ್ತದೆ. ಸಂಖ್ಯೆಯ ಈ ಪ್ರಶ್ನೆ ಮನಸ್ಸಿನ ಪ್ರಶ್ನೆಯೂ ಹೌದು. ಲಿಂಡಾ ಏಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ನರ್ಸ್ ಒಬ್ಬರ ಪಾಲಿಗೆ ಬರುವ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ, ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತಿತ್ತು, ನರ್ಸ್ ಬಸವಳಿಯುವ ಸಾಧ್ಯತೆ ಶೇ. 23ರಷ್ಟು. ಕ್ಯಾಲಿಫೋರ್ನಿಯಾ 1999ರಲ್ಲಿ ಶಾಸನ ಮಾಡಿ, 2004ರಿಂದ ನರ್ಸ್-ರೋಗಿ ಅನುಪಾತವನ್ನು ಕಡ್ಡಾಯಗೊಳಿಸಿತು.

ಸಂಬಳದ ಅಭದ್ರತೆಯೂ ಇದರೊಡನೆ ಬೆಸೆದಿದೆ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿ ಕನಿಷ್ಠ 20,000 ರೂಪಾಯಿ ಇರಬೇಕೆಂದು ಶಿಫಾರಸು ಮಾಡಿತು. ಶೈಕ್ಷಣಿಕ ಸಾಲ ತೀರಿಸಬೇಕಾದ ಹೊಸ ನರ್ಸ್‌ಗೆ ಈ ಮೊತ್ತವೂ ದೂರದ ಮಾತಾಗಿರುವ ಕಡೆ, ವಿದೇಶದ ಕೆಲಸವೊಂದೇ ಬಿಡುಗಡೆಯ ದಾರಿಯಾಗಿ ಕಾಣುತ್ತದೆ.

ಬಸವಳಿಕೆಯ ಬಗೆ

ಒತ್ತಡ, ಬಸವಳಿಕೆ, ಖಿನ್ನತೆ, ನೈತಿಕ ಸಂಕಟ ಇವು ನಾಲ್ಕೂ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಪರೀಕ್ಷೆಯ ಹಿಂದಿನ ವಾರದ ಒತ್ತಡ ಪರೀಕ್ಷೆ ಮುಗಿದೊಡನೆ ಇಳಿಯುತ್ತದೆ. ತಕ್ಕಮಟ್ಟಿಗೆ ಅದು ಓದಿಗೆ ಬೇಕಾದದ್ದೂ ಹೌದು. ಬಸವಳಿಕೆ ಹಾಗಲ್ಲ. ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಗುರುತಿಸಿದ ಈ ಸ್ಥಿತಿಗೆ ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಅಳತೆಗೋಲು ರೂಪಿಸಿದರು. ಅದರಲ್ಲಿ ಮೂರು ಎಳೆಗಳಿವೆ: ಭಾವನೆಗಳು ಬತ್ತಿಹೋಗುವುದು, ಎದುರಿನವರನ್ನು ಮನುಷ್ಯರೆಂದು ಕಾಣದೆ ಕೇಸ್ ಎಂದು ಕಾಣುವುದು, ತಾನು ಮಾಡುವ ಕೆಲಸಕ್ಕೆ ಬೆಲೆಯಿಲ್ಲ ಎನಿಸುವುದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ರೋಗವೆಂದು ಸೇರಿಸದೆ, ಕೆಲಸದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದ ದೀರ್ಘಕಾಲದ ಒತ್ತಡದ ಫಲ ಎಂದು ದಾಖಲಿಸಿದೆ. ಈ ನಿರೂಪಣೆಗೆ ಮಹತ್ವವಿದೆ. ಬಸವಳಿದವರನ್ನು ನೋಡುವಾಗ ಅವರು ಕೆಲಸ ಮಾಡಿದ ಜಾಗವನ್ನೂ ನೋಡಬೇಕು ಎಂದು ಅದು ಸೂಚಿಸುತ್ತದೆ.

ಖಿನ್ನತೆ ಚಿಕಿತ್ಸೆ ಬೇಕಾದ ಕಾಯಿಲೆ. ರಜೆ ಹಾಕಿದರೂ, ಊರಿಗೆ ಹೋದರೂ, ಇಷ್ಟದವರ ಜೊತೆಗಿದ್ದರೂ ಅದು ಹಿಂಬಾಲಿಸುತ್ತದೆ. ಎರಡು ವಾರಕ್ಕೂ ಮೀರಿ ಮಂಕು ಕವಿದಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ-ಹಸಿವು ಕೆಡುವುದು, ಬದುಕಿ ಫಲವಿಲ್ಲ ಎನಿಸುವುದು ಅದರ ಮುಖ್ಯ ಲಕ್ಷಣಗಳು. ಇನ್ನು ನೈತಿಕ ಸಂಕಟ ಎಂದರೆ, ಸರಿಯಾದ ದಾರಿ ಯಾವುದೆಂದು ಗೊತ್ತಿದ್ದೂ ಅದರಂತೆ ನಡೆಯಲಾಗದ ಸ್ಥಿತಿ. ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸ್‌ಗಳ ಸಂದರ್ಭದಲ್ಲಿಯೇ ಇದನ್ನು ವಿವರಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆಂದು ತಿಳಿದಿದ್ದೂ ನಲವತ್ತು ರೋಗಿಗಳ ನಡುವೆ ಅದಕ್ಕೆ ಕೈ ಸಾಲದ ನರ್ಸಿನ ಸಂಕಟ ಅದು. ಧ್ಯಾನ ಶಿಬಿರ ಇದನ್ನು ನೀಗಿಸದು. ಇನ್ನೊಬ್ಬ ನರ್ಸ್ ಬಂದರೆ ನೀಗುತ್ತದೆ.

ಬಸವಳಿಕೆಯ ಬೆಲೆ ತೆರುವವರಲ್ಲಿ ರೋಗಿಯೂ ಸೇರಿದ್ದಾನೆ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೊಜಾತ್ ತಂಡ ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರ್ಷದಿಂದ ವರ್ಷಕ್ಕೆ ಅಳೆದು 2009ರಲ್ಲಿ ವರದಿ ಮಾಡಿತು. ಮೊದಲ ಎರಡು ವರ್ಷ ಹೆಚ್ಚು ಬದಲಾಗದ ಸಹಾನುಭೂತಿ ಮೂರನೆಯ ವರ್ಷ ಗಣನೀಯವಾಗಿ ಕುಸಿದಿತ್ತು. ಅಲ್ಲಿ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವುದು ಅದೇ ವರ್ಷ. ರೋಗಿಗೆ ಹತ್ತಿರವಾಗಬೇಕಾದ ಹೊತ್ತಿನಲ್ಲಿಯೇ ವಿದ್ಯಾರ್ಥಿ ರೋಗಿಯಿಂದ ದೂರವಾಗುತ್ತಿದ್ದಾನೆ ಎಂದರೆ ಕಲಿಸುವ ಕ್ರಮದಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ.

ತಪ್ಪು ಮತ್ತು ಮೌನ

ಆರೈಕೆಯ ಕೆಲಸದಲ್ಲಿ ತಪ್ಪುಗಳು ಆಗಿಯೇ ಆಗುತ್ತವೆ. ಹೆಸರು ಹೋಲುವ ಔಷಧಿ, ದಶಾಂಶ ಬಿಂದು ತಪ್ಪಿದ ಪ್ರಮಾಣ, ಅವಸರದಲ್ಲಿ ಅದಲುಬದಲಾದ ಕೇಸ್‌ಶೀಟ್ ಇವು ಎಲ್ಲ ದೇಶಗಳ ಆಸ್ಪತ್ರೆಗಳಲ್ಲೂ ಇವೆ. ತಪ್ಪಿನಿಂದ ಮೊದಲು ನೋಯುವವರು ರೋಗಿ. ತಪ್ಪು ಮಾಡಿದ ವೈದ್ಯ ಅಥವಾ ನರ್ಸ್ ಎರಡನೆಯ ಬಲಿಪಶು ಎಂದು ಆಲ್ಬರ್ಟ್ ವೂ 2000ದಲ್ಲಿ ಬರೆದರು. ಅಪರಾಧ ಪ್ರಜ್ಞೆ, ನಿದ್ರಾಹೀನತೆ, ಅದೇ ಕೆಲಸವನ್ನು ಮತ್ತೆ ಮಾಡಲು ಭಯ ಇವು ತಿಂಗಳುಗಟ್ಟಲೆ ಉಳಿಯಬಹುದು. ವಿದ್ಯಾರ್ಥಿಯ ಮಟ್ಟಿಗೆ ಇದು ಇನ್ನೂ ತೀವ್ರ. ಅನುಭವದ ಆಸರೆ ಅವರಿಗಿನ್ನೂ ದಕ್ಕಿರುವುದಿಲ್ಲ.

ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ಘಟಕಗಳಲ್ಲಿ ಔಷಧಿ ತಪ್ಪುಗಳನ್ನು ಅಧ್ಯಯನ ಮಾಡಿದಾಗ ಮೊದಲಿಗೆ ಅಚ್ಚರಿಯ ಫಲಿತಾಂಶ ಬಂತು. ಒಳ್ಳೆಯ ಮೇಲ್ವಿಚಾರಕಿಯಿದ್ದು, ಪರಸ್ಪರ ಹೊಂದಾಣಿಕೆ ಚೆನ್ನಾಗಿದ್ದ ಘಟಕಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಪರಿಶೀಲಿಸಿದಾಗ ಕಾರಣ ತಿಳಿಯಿತು. ಅಲ್ಲಿನವರು ತಪ್ಪನ್ನು ಧೈರ್ಯವಾಗಿ ಹೇಳಿಕೊಳ್ಳುತ್ತಿದ್ದರು. ಬೈಗುಳದ ಭಯವಿದ್ದ ಘಟಕಗಳಲ್ಲಿ ತಪ್ಪುಗಳು ಬಚ್ಚಿಟ್ಟುಕೊಂಡಿದ್ದವು. ಮಾನಸಿಕ ಸುರಕ್ಷತೆ ಎಂದು ಅವರು ಮುಂದೆ ಬೆಳೆಸಿದ ಪರಿಕಲ್ಪನೆಯ ಬೇರು ಇಲ್ಲಿದೆ. ಗದರಿಸಿದರೆ ವಿದ್ಯಾರ್ಥಿ ಹುಷಾರಾಗುತ್ತಾನೆ ಎಂಬ ಹಳೆಯ ನಂಬಿಕೆ ಈ ಮಾಹಿತಿಯ ಎದುರು ನಿಲ್ಲುವುದಿಲ್ಲ. ಗದರಿಸಿಕೊಂಡ ವಿದ್ಯಾರ್ಥಿ ಬಚ್ಚಿಡುವುದನ್ನು ಕಲಿಯುತ್ತಾನೆ, ಅದರ ಅಪಾಯ ರೋಗಿಯ ಹಾಸಿಗೆಗೆ ತಲುಪುತ್ತದೆ.

ನೆರವು ಕೇಳಲು ಇರುವ ಅಡ್ಡಿಗಳು

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಕಾಯಿಲೆಯ ಬಗೆಗೆ ತಕ್ಕಂತೆ ಹೆಚ್ಚುಕಡಿಮೆ ಶೇ. 70ರಿಂದ 90. ಕಾಯಿಲೆಯ ಬಗ್ಗೆ ಪುಸ್ತಕವನ್ನೇ ಓದಿರುವ ವಿದ್ಯಾರ್ಥಿಗಳು ಈ ಸಾಲಿನಿಂದ ಹೊರಗಿಲ್ಲ. ಅವರನ್ನು ತಡೆಯುವ ಅಡ್ಡಿಗಳು ಬೇರೆಯವು. ಕಾಲೇಜಿನ ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ಹೋದರೆ ಅಲ್ಲಿ ಕುಳಿತಿರುವವರು ತಮ್ಮ ಸೀನಿಯರೇ, ನಾಳೆ ಇಂಟರ್ನಲ್ಸ್ ಅಂಕ ಕೊಡುವವರು ಅದೇ ವಿಭಾಗದ ಅಧ್ಯಾಪಕರೇ. ವಿಷಯ ಹಾಸ್ಟೆಲಿಗೂ ಮನೆಗೂ ತಲುಪೀತೆಂಬ ಅಳುಕು ಇರುತ್ತದೆ. ಡಾಕ್ಟರಾಗುವವರಿಗೇ ಹೀಗಾದರೆ ಹೇಗೆ ಎಂಬ ಮಾತು, ಸಿಸ್ಟರ್ ಎಂದರೆ ತಾಳ್ಮೆಯ ಮೂರ್ತಿ ಎಂಬ ಹೊಗಳಿಕೆ ಎರಡೂ ಬಾಯಿ ಮುಚ್ಚಿಸುತ್ತವೆ. ಸಮಯವೂ ಸಿಗದು. ಡ್ಯೂಟಿ ಬಿಟ್ಟು ಆಪ್ತಸಲಹೆಗೆ ಹೋಗಲು ಅನುಮತಿ ಕೇಳಬೇಕಾದದ್ದು ಡ್ಯೂಟಿ ಹಾಕಿದವರನ್ನೇ.

ಕಾನೂನು ಈ ವಿಷಯದಲ್ಲಿ ವಿದ್ಯಾರ್ಥಿಯ ಪರವಾಗಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ ಚಿಕಿತ್ಸೆಯ ಮಾಹಿತಿಯನ್ನು ಗೌಪ್ಯವಾಗಿಡುವ ಹಕ್ಕನ್ನು ಕೊಡುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರನ್ನು ಶಿಕ್ಷೆಯಿಂದ ಹೊರಗಿಡಬೇಕೆಂದು 115ನೆಯ ಕಲಂ ವಿಧಿಸುತ್ತದೆ. ಈ ಎರಡು ಕಲಂಗಳನ್ನು ಪ್ರತಿ ಕಾಲೇಜಿನಲ್ಲೂ ಪ್ರವೇಶದ ವಾರದಲ್ಲಿಯೇ ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಸಿ ಹೇಳಬೇಕು.

ಸುಧಾರಣೆಯ ದಾರಿಗಳು

ಮೊದಲನೆಯದು ಗಂಟೆಗಳ ಮಿತಿ. ಕೇಂದ್ರ ಸರ್ಕಾರ 1992ರಲ್ಲಿಯೇ ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಸೂಚಿಸಿತ್ತು. 2023ರ ಸ್ನಾತಕೋತ್ತರ ನಿಯಮಾವಳಿ ಸಮಂಜಸ ಕೆಲಸದ ಅವಧಿ, ವಾರಕ್ಕೊಂದು ರಜೆ ಇರಬೇಕೆಂದಿತು. 2024ರ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮೇಲ್ಮಿತಿ, ವಾರದ ರಜೆ, ದಿನಕ್ಕೆ 7ರಿಂದ 8 ಗಂಟೆ ನಿದ್ದೆಗೆ ಅವಕಾಶ ಶಿಫಾರಸು ಮಾಡಿತು. ನ್ಯೂಯಾರ್ಕ್ ರಾಜ್ಯದಲ್ಲಿ 1984ರಲ್ಲಿ ಲಿಬ್ಬಿ ಜಿಯಾನ್ ಎಂಬ ಹದಿನೆಂಟರ ಯುವತಿ ಆಸ್ಪತ್ರೆಯಲ್ಲಿ ಮೃತಳಾದ ಪ್ರಕರಣ ದಣಿದ ರೆಸಿಡೆಂಟರ ಮೇಲಿನ ಹೊರೆಯನ್ನು ಚರ್ಚೆಗೆ ತಂದು, 1989ರ ಹೊತ್ತಿಗೆ ವಾರಕ್ಕೆ 80 ಗಂಟೆಯ ಮಿತಿ ಬಂತು. ಯೂರೋಪಿನಲ್ಲಿ ಮಿತಿ ಸರಾಸರಿ 48 ಗಂಟೆ. ಭಾರತದಲ್ಲಿ ನಿಯಮದ ಕೊರತೆಗಿಂತ ಪಾಲನೆಯ ಕೊರತೆ ದೊಡ್ಡದು. ಡ್ಯೂಟಿ ರೋಸ್ಟರ್ ಸಾರ್ವಜನಿಕವಾಗಿ ಪ್ರಕಟವಾಗಿ, ಪರಿಶೀಲನೆಗೆ ಬರುವವರು ಹಾಸಿಗೆ ಮತ್ತು ಅಧ್ಯಾಪಕರನ್ನು ಎಣಿಸುವಂತೆಯೇ ವಿದ್ಯಾರ್ಥಿಗಳ ದುಡಿಮೆಯ ಗಂಟೆಗಳನ್ನೂ ಎಣಿಸಿದರೆ ಮಾತ್ರ ನಿಯಮಕ್ಕೆ ಜೀವ ಬರುತ್ತದೆ.

ಎರಡನೆಯದು ಮೌಲ್ಯಮಾಪನ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಆರಂಭದ ವರ್ಷಗಳಲ್ಲಿ ಶ್ರೇಣಿಗಳ ಬದಲು ಪಾಸ್-ಫೇಲ್ ಪದ್ಧತಿ ತಂದಿತು, ತರಗತಿಯ ಗಂಟೆಗಳನ್ನು ಕಡಿತಗೊಳಿಸಿತು, ವಿದ್ಯಾರ್ಥಿಗಳ ಚಿಕ್ಕ ಬಳಗಗಳನ್ನು ಕಟ್ಟಿತು. ಖಿನ್ನತೆ ಮತ್ತು ಆತಂಕದ ಪ್ರಮಾಣ ಗಮನಾರ್ಹವಾಗಿ ಇಳಿದುದನ್ನು ಅದು 2014ರಲ್ಲಿ ವರದಿ ಮಾಡಿತು. ಓದಿನ ಮಟ್ಟ ಇಳಿಯಲಿಲ್ಲ. ಎಲ್ಲ ಭಾರವನ್ನೂ ವರ್ಷದ ಕೊನೆಯ ಒಂದು ಪರೀಕ್ಷೆಯ ಮೇಲೆ ಹೇರುವ ಬದಲು ಚಿಕ್ಕ ಚಿಕ್ಕ ಪರೀಕ್ಷೆಗಳಲ್ಲಿ ಹಂಚಿ, ಪ್ರತಿಯೊಂದರ ನಂತರ ಎಲ್ಲಿ ತಪ್ಪಾಯಿತೆಂದು ಕುಳಿತು ತಿಳಿಸಿಕೊಡುವುದು ನಮ್ಮ ಕಾಲೇಜುಗಳಿಗೂ ಸಾಧ್ಯವಿರುವ ಮಾರ್ಗ.

ಮೂರನೆಯದು ಮಾತಿಗೊಂದು ಜಾಗ. ಲಂಡನ್ನಿನ ಟ್ಯಾವಿಸ್ಟಾಕ್‌ನಲ್ಲಿ ಮೈಕೇಲ್ ಬಾಲಿಂಟ್ 1950ರ ದಶಕದಲ್ಲಿ ಕುಟುಂಬ ವೈದ್ಯರ ಚಿಕ್ಕ ಗುಂಪುಗಳನ್ನು ಶುರುಮಾಡಿದರು. ಕಾಡುತ್ತಿರುವ ಒಬ್ಬ ರೋಗಿಯ ಬಗ್ಗೆ ಒಬ್ಬರು ಹೇಳುತ್ತಾರೆ, ಉಳಿದವರು ಆ ಸಂಬಂಧದಲ್ಲಿ ಏನು ನಡೆಯುತ್ತಿದೆ ಎಂದು ಯೋಚಿಸುತ್ತಾರೆ. ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಕ್ಯಾನ್ಸರಿನಿಂದ ನರಳುತ್ತಿದ್ದಾಗ ತಮ್ಮನ್ನು ನೋಡಿಕೊಂಡವರ ಕನಿಕರವನ್ನು ಮೆಚ್ಚಿ 1995ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ 'ಶ್ವಾರ್ಟ್ಸ್ ರೌಂಡ್ಸ್' ಬೆಳೆಯಿತು. ಅದರಲ್ಲಿ ವೈದ್ಯರು, ನರ್ಸ್‌ಗಳು, ವಾರ್ಡ್ ಸಿಬ್ಬಂದಿ ಎಲ್ಲರೂ ಒಟ್ಟಿಗೆ ಕುಳಿತು ಆರೈಕೆಯ ಭಾವನಾತ್ಮಕ ಹೊರೆಯನ್ನು ಮಾತನಾಡುತ್ತಾರೆ. ಇಂಥ ಸಭೆಗೆ ದುಬಾರಿ ಸಲಕರಣೆ ಬೇಕಿಲ್ಲ. ಒಂದು ಕೊಠಡಿ, ತಿಂಗಳಿಗೊಂದು ಗಂಟೆ, ತಾನೂ ಅಳುಕಿದ್ದುಂಟು ಎಂದು ಒಪ್ಪಿಕೊಳ್ಳುವ ಒಬ್ಬ ಹಿರಿಯರು ಸಾಕು. ವಾರ್ಡಿನಲ್ಲಿ ಸಾವು ಸಂಭವಿಸಿದ ದಿನ ಪಾಳಿ ಮುಗಿಯುವ ಮುನ್ನ ವಿದ್ಯಾರ್ಥಿಗಳ ಜೊತೆ ಹತ್ತು ನಿಮಿಷ ಮಾತನಾಡುವುದು ಕ್ಲಿನಿಕಲ್ ಬೋಧಕರ ಕರ್ತವ್ಯವೆಂದೇ ನಿಗದಿಯಾಗಬೇಕು.

ನಾಲ್ಕನೆಯದು ಗೌಪ್ಯ ನೆರವು. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಲಹೆಗಾರ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು. ಈ ಸಲಹೆಗಾರರು ಅಂಕ ಕೊಡುವವರಾಗಿರಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ನಿಮ್ಹಾನ್ಸ್ ಅದರ ರಾಷ್ಟ್ರೀಯ ಕೇಂದ್ರ. ಹಗಲು ರಾತ್ರಿ ಉಚಿತವಾಗಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅಲ್ಲಿ ಮಾತನಾಡಬಹುದು.

ವ್ಯಕ್ತಿಗತ ಅಭ್ಯಾಸಗಳಿಗೂ ಸ್ಥಾನವಿದೆ. ವ್ಯಾಯಾಮ, ಧ್ಯಾನ, ಗೆಳೆತನ, ಹಾಡು, ಆಟ ಇವು ಮನಸ್ಸನ್ನು ಹಿಡಿದಿಡುತ್ತವೆ. ವೈದ್ಯರ ಬಸವಳಿಕೆಗೆ ಮಾಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ, ವ್ಯಕ್ತಿಯನ್ನು ಗಟ್ಟಿಗೊಳಿಸುವ ಕ್ರಮಗಳೂ ಕೆಲಸದ ವ್ಯವಸ್ಥೆಯನ್ನು ತಿದ್ದುವ ಕ್ರಮಗಳೂ ಪ್ರಯೋಜನಕಾರಿ ಎಂದು ಕಂಡುಕೊಂಡಿತು. ಎರಡೂ ಜೊತೆಗೆ ಸಾಗಬೇಕು. 36 ಗಂಟೆ ಡ್ಯೂಟಿ ಮಾಡಿ ಬಂದವರಿಗೆ ಧ್ಯಾನದ ಉಪದೇಶ ಮಾಡುವುದು, ಸೋರುವ ಮಾಡನ್ನು ಹಾಗೇ ಬಿಟ್ಟು ಕೆಳಗೆ ಪಾತ್ರೆ ಇಟ್ಟಂತೆ.

ಕರ್ನಾಟಕದ ಸಾಧ್ಯತೆಗಳು

ಕರ್ನಾಟಕಕ್ಕೆ ಈ ವಿಷಯದಲ್ಲಿ ಎರಡು ಅನುಕೂಲಗಳಿವೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ರಾಜ್ಯದ ಬಹಳಷ್ಟು ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳನ್ನು ಒಂದೇ ಸೂರಿನಡಿ ತಂದಿದೆ. ಎರಡೂ ವಿದ್ಯಾರ್ಥಿವರ್ಗಗಳಿಗೆ ಸಂವಹನ, ತಪ್ಪು ನಿರ್ವಹಣೆ, ಸಾವಿನ ಎದುರಿನ ಆರೈಕೆ ಇವನ್ನು ಒಟ್ಟಿಗೆ ಕಲಿಸಲು ಇದಕ್ಕಿಂತ ಅನುಕೂಲದ ವ್ಯವಸ್ಥೆಯಿಲ್ಲ. ಒಂದೇ ಬೆಂಚಿನಲ್ಲಿ ಕಲಿತ ಡಾಕ್ಟರು ಮತ್ತು ನರ್ಸ್ ನಾಳೆ ಒಂದೇ ವಾರ್ಡಿನಲ್ಲಿ ಪರಸ್ಪರ ಗೌರವದಿಂದ ಮಾತನಾಡುತ್ತಾರೆ. ಇನ್ನೊಂದು ಅನುಕೂಲ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಮೊದಲಾಗಿ 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆ ದಶಕಗಳಿಂದ ಮನೋವೈದ್ಯರ ಜೊತೆಗೆ ಮನೋವೈದ್ಯಕೀಯ ನರ್ಸ್‌ಗಳನ್ನೂ ತರಬೇತುಗೊಳಿಸುತ್ತಿದೆ. ಪ್ರತಿ ಕಾಲೇಜಿನ ಇಬ್ಬರು ಅಧ್ಯಾಪಕರು ಅಲ್ಲಿ ಮೂಲಭೂತ ಆಪ್ತಸಲಹೆ ಕಲಿತು ಬಂದರೂ ಹಾಸ್ಟೆಲುಗಳ ಚಿತ್ರ ಬದಲಾದೀತು.

ಭಾಷೆಯ ಪ್ರಶ್ನೆಗೆ ಇಲ್ಲಿ ಎರಡು ಮಗ್ಗುಲುಗಳಿವೆ. ಕೇರಳ, ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳಿಂದ ಬಂದ ನರ್ಸಿಂಗ್ ವಿದ್ಯಾರ್ಥಿಗಳು ಕನ್ನಡ ಬಾರದೆ, ರೋಗಿ ಹೇಳುವ ನೋವು ಅರ್ಥವಾಗದೆ, ಕಡೆಯವರ ಸಿಟ್ಟಿಗೆ ಗುರಿಯಾಗುತ್ತಾರೆ. ಮೊದಲ ವರ್ಷವೇ ಆಡುಮಾತಿನ ಕನ್ನಡವನ್ನು ಗಂಭೀರವಾಗಿ ಕಲಿಸಿದರೆ ಅವರ ಒಂಟಿತನವೂ ರೋಗಿಯ ಕಷ್ಟವೂ ಕಡಿಮೆಯಾಗುತ್ತವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಸೇತುಪಾಠ, ಮೊದಲ ಆರು ತಿಂಗಳು ಕನ್ನಡದಲ್ಲಿ ಕೇಳಲು ಅವಕಾಶ ಇರಬೇಕು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ರಾಜ್ಯ 2009ರಲ್ಲಿ ಮಾಡಿದ ಕಾಯ್ದೆ ವಿದ್ಯಾರ್ಥಿಗಳಿಗೂ ರಕ್ಷಣೆಯಾಗಬೇಕಾದರೆ ರಾತ್ರಿ ಪಾಳಿಯಲ್ಲಿ ಕಾವಲು, ಬೆಳಕು, ಮಲಗಲು ಬೀಗವಿರುವ ಕೊಠಡಿ, ಹಾಸ್ಟೆಲಿಗೆ ವಾಹನ ಇವು ಕೂಡ ಬೇಕು.

ಕಾಲೇಜಿನ ಮಾನ್ಯತೆಯ ಅಳತೆಗೋಲುಗಳಲ್ಲಿ ವಿದ್ಯಾರ್ಥಿಗಳ ಮನಸ್ವಾಸ್ಥ್ಯ ಸೇರಬೇಕು. ಹೆಸರು ಬಹಿರಂಗವಾಗದಂತೆ ವರ್ಷಕ್ಕೊಮ್ಮೆ ಸಮೀಕ್ಷೆ ನಡೆದು, ನಡುವೆ ಓದು ಬಿಟ್ಟವರ ಸಂಖ್ಯೆ, ಡ್ಯೂಟಿ ಗಂಟೆಗಳು, ಆಪ್ತಸಲಹೆ ಪಡೆದವರ ಒಟ್ಟು ಸಂಖ್ಯೆ, ಬಂದ ದೂರುಗಳು ಮತ್ತು ಅವುಗಳಿಗೆ ಸಿಕ್ಕ ಪರಿಹಾರ ಪ್ರಕಟವಾಗಬೇಕು. ಯಾವ ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿಗಳು ಹೆಚ್ಚು ಬಳಲುತ್ತಾರೆಂಬುದು ಅದರಿಂದ ತಿಳಿಯುತ್ತದೆ, ಎಲ್ಲಿ ಬೋಧಕರು ಬೇಕು, ಎಲ್ಲಿ ನರ್ಸ್‌ಗಳು ಬೇಕು ಎಂಬುದೂ ತಿಳಿಯುತ್ತದೆ. ಇದಕ್ಕೆ ತಗಲುವ ವೆಚ್ಚವನ್ನು ವಿದ್ಯಾರ್ಥಿ ಕಲ್ಯಾಣದ ಲೆಕ್ಕದಲ್ಲಿ ಬರೆದರೂ, ಅದು ರೋಗಿಯ ಸುರಕ್ಷತೆಗಾಗಿ ಮಾಡಿದ ವೆಚ್ಚವೇ ಆಗಿರುತ್ತದೆ.